ಮೈಯ ಬಗ್ಗೆ ಬರೆದಿದ್ದೀರಿ, ಮೈ ಕಾಣಲಿಲ್ಲ

ನಮಸ್ಕಾರ.

ಡಿಜಿಟಲ್ ಕಲೆಯಲ್ಲಿ ಮನುಷ್ಯನ ಮೈ ಮತ್ತು ಯಂತ್ರದ ನಂಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

‘ಮಾನವೋತ್ತರ ಪ್ರಜ್ಞೆ’, ‘ದೇಹದ ವಿಘಟನೆ’ ಇಂಥ ಮಾತುಗಳೇ ಲೇಖನದ ತುಂಬ ಇವೆ. ಕಲಾವಿದರ ಹೆಸರುಗಳೂ ಸಾಲುಸಾಲಾಗಿ ಬರುತ್ತವೆ. ಆದರೆ ಅವರ ಒಂದು ಕೃತಿಯಾದರೂ ಹೇಗೆ ನಡೆಯುತ್ತದೆ ಅಂತ ಓದುಗರಿಗೆ ತಿಳಿಯುವುದಿಲ್ಲ.

ಸ್ಟೆಲಾರ್ಕ್ ಅವರನ್ನೇ ನೋಡಿ. ‘ಮೈಯ ಕಾಲ ಮುಗಿಯಿತು ಎಂದು ಸಾರಿದ ಆಸ್ಟ್ರೇಲಿಯಾದ ಕಲಾವಿದ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 1980ರಲ್ಲಿ ಅವರು ತಮ್ಮ ಬಲಗೈಗೆ ಯಂತ್ರದ ಮೂರನೆಯ ಕೈ ಜೋಡಿಸಿಕೊಂಡರು. ಅದನ್ನು ಆಡಿಸುತ್ತಿದ್ದದ್ದು ಹೊಟ್ಟೆಯ ಮತ್ತು ಕಾಲಿನ ಸ್ನಾಯುಗಳು. ಸ್ನಾಯು ಬಿಗಿದಾಗ ಹುಟ್ಟುವ ಸಣ್ಣ ವಿದ್ಯುತ್ತೇ ಆ ಕೈಗೆ ಅಪ್ಪಣೆ. ಇಷ್ಟು ಹೇಳಿದ್ದರೆ ಸಾಕಿತ್ತು, ಓದುವವರು ತಮಗೆ ಗೊತ್ತಿಲ್ಲದೇ ಹೊಟ್ಟೆ ಬಿಗಿಹಿಡಿದು ನೋಡುತ್ತಿದ್ದರು. 1995ರಲ್ಲಿ ಇದು ತಲೆಕೆಳಗಾಯಿತು. ಅವರು ನಿಂತಿದ್ದದ್ದು ಲಕ್ಸೆಂಬರ್ಗಿನಲ್ಲಿ. ಪ್ಯಾರಿಸ್, ಹೆಲ್ಸಿಂಕಿ, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಕೂತ ಜನ ನೆಟ್‌ವರ್ಕ್ ಮೂಲಕ ಅವರ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ಕೈಕಾಲು ಕುಣಿಸಿದರು. ಮೈಯ ಕಾಲ ಮುಗಿಯಿತು ಅಂದವರೇ ಮೈಯನ್ನು ಇಷ್ಟು ದುಡಿಸಿದ್ದಾರೆ, ಅಲ್ವಾ? ಇದು ಯಾಕೆ ಹೀಗೆ ಅಂತ ನೀವು ಕೇಳಲೇ ಇಲ್ಲ.

‘ವರ್ಚುವಲ್ ರಿಯಾಲಿಟಿ ನಮ್ಮ ಮೈಯನ್ನು ಮರೆಸುತ್ತದೆ’ ಅನ್ನುವ ನಿಮ್ಮ ತೀರ್ಮಾನವನ್ನೂ ನಾನು ಒಪ್ಪುವುದಿಲ್ಲ. ಕೆನಡಾದ ಕಲಾವಿದೆ ಚಾರ್ ಡೇವಿಸ್ ಅವರ ‘ಆಸ್ಮೋಸ್’ ಅನ್ನುವ ವರ್ಚುವಲ್ ರಿಯಾಲಿಟಿ ಕೃತಿ, ಅಂದರೆ ಕಂಪ್ಯೂಟರ್ ಕಟ್ಟಿದ ಲೋಕದೊಳಗೆ ನಮ್ಮನ್ನು ಓಡಾಡಿಸುವ ಕೃತಿ, ಬಂದದ್ದು 1995ರಲ್ಲೇ. ಅದರಲ್ಲಿ ಜಾಯ್‌ಸ್ಟಿಕ್ ಇಲ್ಲ. ತಲೆಗೆ ಆ ಲೋಕವನ್ನು ಕಣ್ಣೆದುರು ತೋರಿಸುವ ಹೆಡ್‌ಸೆಟ್, ಎದೆಗೆ ಉಸಿರು ಅಳೆಯುವ ಒಂದು ಜಾಕೆಟ್. ಉಸಿರು ಎಳೆದುಕೊಂಡರೆ ಮೇಲೇರುತ್ತೀರಿ. ಬಿಟ್ಟರೆ ಕೆಳಗಿಳಿಯುತ್ತೀರಿ. ಮೈ ವಾಲಿದ ಕಡೆಗೆ ತೇಲುತ್ತೀರಿ. ಮರ, ಎಲೆ, ಕೊಳ ದಾಟಿ ಮಣ್ಣಿನೊಳಗೂ ಹೋಗಬಹುದು. ಎಲ್ಲಕ್ಕಿಂತ ಕೆಳಗೆ ಆ ಲೋಕವನ್ನು ಕಟ್ಟಿದ ಸಾಫ್ಟ್‌ವೇರಿನ ಸಾಲುಗಳೇ ಕಾಣುತ್ತವೆ. ಡೇವಿಸ್ ಸಮುದ್ರದಲ್ಲಿ ಡೈವಿಂಗ್ ಮಾಡುತ್ತಿದ್ದವರು, ಈ ಉಸಿರಿನ ಲೆಕ್ಕ ಬಂದದ್ದು ಅಲ್ಲಿಂದ. ಸುಮ್ನೆ ನಿಂತಾಗ ನೆನಪೇ ಇರದ ಉಸಿರನ್ನು ಇಲ್ಲಿ ಯಂತ್ರವೇ ನೆನಪಿಸುತ್ತದೆ. ನಿಮ್ಮ ವಾದಕ್ಕೆ ಇದು ಎದುರಾಗಿ ನಿಲ್ಲುತ್ತದೆ. ಇದಕ್ಕೆ ನೀವು ಉತ್ತರ ಹೇಳಬೇಕು, ಇಲ್ಲವೇ ವಾದವನ್ನೇ ಬದಲಿಸಬೇಕು.

ಹೆಡ್‌ಸೆಟ್ ಹಾಕಿಕೊಂಡಾಗ ಕಾಲ್ಬೆರಳುಗಳು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡವು ಅಂತ ಮೂರನೇ ಪುಟದಲ್ಲಿ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ! ಇಡೀ ಲೇಖನದಲ್ಲಿ ನಿಮ್ಮದೇ ಅನ್ನಿಸುವ ಸಾಲು ಅದೊಂದೇ. ಅಲ್ಲಿಂದ ಶುರು ಮಾಡಿ. ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಇಬ್ಬರೇ ಕಲಾವಿದರನ್ನು ಉಳಿಸಿಕೊಳ್ಳಿ. ಯಾವ ಕೃತಿಯ ಬಗ್ಗೆ ಹೇಳಿದರೂ ಅದರಲ್ಲಿ ಮೈಯ ಯಾವ ಭಾಗ ಏನು ಮಾಡುತ್ತದೆ ಅನ್ನುವುದನ್ನು ಮೊದಲು ಬರೆಯಿರಿ, ಅರ್ಥ ಹೇಳುವುದು ಆಮೇಲೆ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ