ಹಳೆ ಚೆರೋಕಿಗೆ ದೊಡ್ಡ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ಸಾರ್, ನನ್ನದು 1993ರ ಜೀಪ್ ಚೆರೋಕಿ. 2.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್, ಫೋರ್ ವೀಲ್ ಡ್ರೈವ್. ಕಳೆದ ವರ್ಷ 31 ಇಂಚಿನ ಟೈರ್ ಹಾಕಿಸಿದೆ. ಅಲ್ಲಿಂದೀಚೆಗೆ ಏರು ಬಂದರೆ ಗಾಡಿ ಎಳೆಯುವುದೇ ಇಲ್ಲ, ಐದನೇ ಗೇರ್ ಇದ್ದೂ ಇಲ್ಲದ ಹಾಗೆ. ಗುಜರಿಯಲ್ಲಿ 4.0 ಲೀಟರಿನ ಆರು ಸಿಲಿಂಡರ್ ಎಂಜಿನ್ ಒಂದಿದೆ, ಬರೀ ಎಂಜಿನ್. ಅದನ್ನು ಕೂರಿಸಿದರೆ ಸಾಕಾ? ಗೆಳೆಯನೊಬ್ಬ ವಿ8, ಅಂದರೆ ಎಂಟು ಸಿಲಿಂಡರಿನದು ಹಾಕಿಸು ಅಂತಾನೆ.

ಉತ್ತರ: ಮೊದಲು ಟೈರ್ ವಿಷಯ ಮುಗಿಸೋಣ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದ ಟೈರ್ ಸುಮಾರು 28 ಇಂಚು. ಡಿಫರೆನ್ಶಿಯಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ) ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ, ಹೆಚ್ಚಾಗಿ 4.10. 31ರ ಟೈರ್ ಹಾಕಿದ ಮೇಲೆ ಅದೇ 4.10 ಈಗ 3.7ರ ಹಾಗೆ ನಡೆದುಕೊಳ್ಳುತ್ತದೆ. ಅಂದರೆ ಟೈರ್ ಅಂಗಡಿಯಲ್ಲೇ ನಿಮ್ಮ ಎಂಜಿನ್ನಿನ ಎಳೆತ ಹತ್ತರಲ್ಲಿ ಒಂದು ಪಾಲು ಹೋಯಿತು. ಹಿಂದೆ, ಮುಂದೆ ಎರಡೂ ಆಕ್ಸಲ್‌ಗಳಿಗೆ 4.56ರ ಕ್ರೌನ್-ಪಿನಿಯನ್ (ಈ ಅನುಪಾತ ಕೊಡುವ ಹಲ್ಲುಗಾಲಿ ಜೋಡಿ) ಹಾಕಿಸಿದರೆ ಲೆಕ್ಕ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೇ ಬರುತ್ತದೆ. ಒಂದಕ್ಕೆ ಮಾತ್ರ ಹಾಕಿಸಬೇಡಿ. ಫೋರ್ ವೀಲ್‌ಗೆ ಹಾಕಿದ ದಿನ ಏನಾದರೂ ಮುರಿಯುತ್ತದೆ.

ನಿಮ್ಮ ಗಾಡಿಯ ಅನುಪಾತ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಎರಡು ಚಕ್ರವನ್ನೂ ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ. ಗೆರೆ ನಾಲ್ಕು ಸುತ್ತು ದಾಟಿ ಚೂರೇ ಚೂರು ಮುಂದೆ ನಿಂತರೆ 4.10. ಇದಕ್ಕೆ ಇಬ್ಬರು ಬೇಕು, ಒಬ್ಬರಿಂದ ಆಗಲ್ಲ.

ಇಷ್ಟಾದ ಮೇಲೂ ಆರು ಸಿಲಿಂಡರೇ ಬೇಕು ಅನ್ನಿಸಿದರೆ ನನ್ನ ಅಡ್ಡಿಯಿಲ್ಲ. ಒಳ್ಳೆ ಎಂಜಿನ್ ಅದು. ನಿಮ್ಮದು 130 ಅಶ್ವಶಕ್ತಿ, ಅದು 190. ಟಾರ್ಕ್ ಸುಮಾರು 200ರಿಂದ 300 ನ್ಯೂಟನ್ ಮೀಟರಿಗೆ ಏರುತ್ತದೆ. ನಿಮ್ಮ 4.10ನ್ನೂ ಮುಟ್ಟಬೇಕಿಲ್ಲ, 31ರ ಟೈರಿಗೆ ಆ ಜೋಡಿ ಚೆನ್ನಾಗಿ ಹೊಂದುತ್ತದೆ.

ಆದರೆ ಬರೀ ಎಂಜಿನ್ ತರಬೇಡಿ. ನಿಮ್ಮ ಗೇರ್‌ಬಾಕ್ಸ್ ಐಸಿನ್ ಕಂಪನಿಯ ಎಎಕ್ಸ್-5, ಸಣ್ಣ ಎಂಜಿನ್ನಿಗೆಂದೇ ಬಂದದ್ದು. ಮೊದಲನೆಯದಾಗಿ ಅದು 4.0ಗೆ ಕೂರುವುದೇ ಇಲ್ಲ. ಒಂದೇ ಕಂಪನಿಯ ಎಂಜಿನ್ನುಗಳಾದರೂ ಬೆಲ್ ಹೌಸಿಂಗಿನ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಬೋಲ್ಟ್ ತೂತುಗಳು ಬೇರೆ ಬೇರೆ. ಅಡಾಪ್ಟರ್ ಮಾಡಿಸಿ ಕೂರಿಸಿದರೂ ಆ ಟಾರ್ಕಿಗೆ ಅದು ಜಾಸ್ತಿ ದಿನ ತಾಳಲ್ಲ. 4.0 ಜೊತೆ ಬರುತ್ತಿದ್ದದ್ದು ಎಎಕ್ಸ್-15. ಗೇರ್‌ಬಾಕ್ಸ್ ಬದಲಾದರೆ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಸ್ಪ್ಲೈನ್, ಅಂದರೆ ಶಾಫ್ಟಿನ ಹಲ್ಲುಗಳು ಹೊಂದಬೇಕು, ಪ್ರೊಪೆಲ್ಲರ್ ಶಾಫ್ಟುಗಳ ಉದ್ದವೂ ಹೊಂದಬೇಕು. ರೇಡಿಯೇಟರ್, ಫ್ಯಾನು, ಮೌಂಟಿಂಗು, ಮುಂದಿನ ಸ್ಪ್ರಿಂಗು ಎಲ್ಲಾ ಆ ಗಾಡಿಯದೇ ಬೇಕು. ಹಳೆ ಸ್ಪ್ರಿಂಗ್ ಬಿಟ್ಟರೆ ಮೂತಿ ತಗ್ಗಿಸಿಕೊಂಡು ಓಡಾಡುತ್ತದೆ.

ಇನ್ನು ವೈರಿಂಗ್. ಈ ಕೆಲಸಕ್ಕೆ ಕೈ ಹಾಕಿದವರು ಅರ್ಧಕ್ಕೇ ನಿಲ್ಲಿಸುವುದು ಇಲ್ಲೇ. 4.0 ಎಂಜಿನ್ ಚೆರೋಕಿಗೆ ಬಂದದ್ದು 1987ರಲ್ಲಿ. 1990ರ ತನಕ ಅದಕ್ಕೆ ರೆನಿಕ್ಸ್ ಅನ್ನುವ ಇಂಧನ ವ್ಯವಸ್ಥೆ, 1991ರಿಂದ ಕ್ರೈಸ್ಲರ್‌ನದು. ಎರಡನ್ನೂ ಬೆರೆಸುವ ಹಾಗಿಲ್ಲ. ನಾನೇ ಒಮ್ಮೆ ಬೆರೆಸಿದ್ದೆ. ಸ್ಟಾರ್ಟರ್ ತಿರುಗುತ್ತೆ, ಪೆಟ್ರೋಲ್ ಬರುತ್ತೆ, ಕಿಡಿ ಇಲ್ಲ. ಮೂರು ದಿನ ಸೆನ್ಸರ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಕೊನೆಗೆ ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ರೆನಿಕ್ಸ್ ಕಾಲದ್ದು! ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬೆಲ್ ಹೌಸಿಂಗಿನ ಮೇಲೆ ಕೂತು ಫ್ಲೈವೀಲಿನ ಕಚ್ಚುಗಳನ್ನು ಓದುತ್ತದೆ. ಹೊಸ ವ್ಯವಸ್ಥೆಯ ಆರು ಸಿಲಿಂಡರಿಗೆ ನಾಲ್ಕು ನಾಲ್ಕರ ಮೂರು ಗುಂಪು, ಒಟ್ಟು 12 ಕಚ್ಚು ಇರಬೇಕು. ನಿಮ್ಮ 2.5ರದ್ದರಲ್ಲಿ ಎರಡೇ ಗುಂಪು, ಎಂಟು ಕಚ್ಚು. ಕಚ್ಚು ತಪ್ಪಾದರೆ ಕಂಪ್ಯೂಟರಿಗೆ ಎಂಜಿನ್ ತಿರುಗುತ್ತಿದೆ ಅಂತಲೇ ಗೊತ್ತಾಗಲ್ಲ. ಹಾಗಾಗಿ ಫ್ಲೈವೀಲನ್ನು ನೆಲದ ಮೇಲೆ ಮಲಗಿಸಿ ಕಚ್ಚು ಎಣಿಸಿದ ಮೇಲೇ ಎಂಜಿನ್ ಒಳಗಿಳಿಸಿ.

ನನ್ನ ಸಲಹೆ ಇಷ್ಟೇ: ಒಂಟಿ ಎಂಜಿನ್ ಬಿಡಿ. 1991ರಿಂದೀಚಿನ, ನಿಮ್ಮ ವರ್ಷಕ್ಕೆ ಆದಷ್ಟು ಹತ್ತಿರದ, ಅಪಘಾತವಾದ 4.0 ಮ್ಯಾನ್ಯುಯಲ್ ಚೆರೋಕಿಯನ್ನು ಇಡಿಯಾಗಿ ಕೊಳ್ಳಿ. ಬೇಕಾದ್ದು ಬಿಚ್ಚಿಕೊಂಡು ಉಳಿದದ್ದು ಮಾರಿ. ಸಣ್ಣಪುಟ್ಟ ಸಾಮಾನು ಒಂದೊಂದೇ ಹುಡುಕಿ ತರುವುದಕ್ಕಿಂತ ಇದು ಅಗ್ಗ.

ವಿ8? ಬೇಡ. ಚೆರೋಕಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಿಂದಿನ ಆಕ್ಸಲ್ ಹೆಚ್ಚಿನವಕ್ಕೆ ಡಾನಾ 35 ಅನ್ನುವ ಮಾದರಿ. ಅದು 31ರ ಟೈರಿಗೇ ಏದುಸಿರು ಬಿಡುತ್ತದೆ. ನಿಮ್ಮ ಗೆಳೆಯರೇ ದುಡ್ಡು ಹಾಕುತ್ತಾರಾದರೆ ಆಮೇಲೆ ಮಾತಾಡೋಣ.

ಎಂಜಿನ್ ನಂಬರ್, ಸಾಮರ್ಥ್ಯ ಎರಡೂ ಬದಲಾಗುವುದರಿಂದ ನೋಂದಣಿ ಕಚೇರಿಗೂ ವಿಮೆಯವರಿಗೂ ಮೊದಲೇ ತಿಳಿಸಿ. ಅನುಮತಿ ಸಿಕ್ಕ ಮೇಲೇ ಗುಜರಿ ಕಡೆ ಹೋಗಿ. ಅಷ್ಟರೊಳಗೆ ಆ ಸೀಮೆಸುಣ್ಣದ ಲೆಕ್ಕ ಎಷ್ಟು ಬಂತು ಅಂತ ಬರೆದು ಕಳಿಸಿ.