ಗೊಬ್ಬರದ ಗಿಡದ ಗೂಟ: ಚಿಗುರಿದ್ದು ಕೊಳೆತದ್ದೇಕೆ?

ಪ್ರಶ್ನೆ: ಕಳೆದ ಜೂನ್ ಕೊನೆಗೆ ಅಡಿಕೆ ತೋಟದ ಬೇಲಿಗುಂಟ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಅರವತ್ತು ಗೂಟ ನೆಟ್ಟೆವು. ಎಲ್ಲವೂ ಚಿಗುರಿದವು, ಆಗಸ್ಟ್ ಹೊತ್ತಿಗೆ ಮುಕ್ಕಾಲು ಪಾಲು ಕೊಳೆತವು. ತಪ್ಪೆಲ್ಲಾಯಿತು? ಸೊಪ್ಪು ಅಡಿಕೆಗೆ ಎಷ್ಟು ಹಾಕಬೇಕು? ದನಕ್ಕೂ ಕೊಡಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಚಿಗುರು ಕಂಡ ಮಾತ್ರಕ್ಕೆ ಗಿಡ ಹಿಡಿಯಿತೆಂದಲ್ಲ. ಗೂಟದಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲು ಎಲೆ ಬರುತ್ತದೆ, ಬೇರು ಆಮೇಲೆ. ಅಷ್ಟರಲ್ಲಿ ಜುಲೈ ಮಳೆ ಜಡಿದು ಗುಂಡಿಯಲ್ಲಿ ನೀರು ನಿಂತರೆ ಬುಡ ಕೊಳೆಯುವುದು ಸಹಜ. ಮುಂದಿನ ಸಲ ಮೇ ತಿಂಗಳ ಅಡ್ಡಮಳೆ ಬೀಳುತ್ತಿದ್ದಂತೆ ನೆಡಿ. ಮುಂಗಾರು ಬಿರುಸಾಗುವ ಮೊದಲೇ ಬೇರು ಕೂರಬೇಕು.

ಗೂಟದ ಆಯ್ಕೆಯೂ ಮುಖ್ಯ. ಹಸಿರು ಎಳೆ ರೆಂಬೆ ಬೇಡ. ಕನಿಷ್ಠ ಆರು ತಿಂಗಳು ಬಲಿತು ತೊಗಟೆ ಬೂದುಗಂದಾದ, ಹೆಬ್ಬೆರಳಿಗಿಂತ ದಪ್ಪದ್ದನ್ನು ನಾಲ್ಕೈದು ಅಡಿ ಉದ್ದಕ್ಕೆ ಕಡಿಯಿರಿ. ಬುಡವನ್ನು ಹರಿತ ಕತ್ತಿಯಿಂದ ಒಂದೇ ಏಟಿಗೆ ಓರೆಯಾಗಿ ಕತ್ತರಿಸಿ, ಕೆಲವು ದಿನ ನೆರಳಲ್ಲಿಟ್ಟರೆ ಗಾಯ ಒಣಗುತ್ತದೆ. ನೆಡುವಾಗ ಗೂಟವನ್ನು ಬಡಿದು ಇಳಿಸಬೇಡಿ. ತೊಗಟೆ ಸುಲಿದಲ್ಲೇ ಕೊಳೆ ಶುರುವಾಗುವುದು. ಹಾರೆಯಲ್ಲಿ ಒಂದಡಿ ತೂತು ಮಾಡಿ, ಗೂಟ ಇಳಿಸಿ, ಸುತ್ತ ಮಣ್ಣು ಗಟ್ಟಿಯಾಗಿ ತುಳಿಯಿರಿ. ಹಿಡಿಯಿತೋ ಎಂದು ಅಲ್ಲಾಡಿಸಿ ನೋಡುವ ಚಟ ಬಿಡಬೇಕು, ಎಳೆ ಬೇರು ಅದರಲ್ಲೇ ಹರಿಯುತ್ತದೆ.

ಗೂಟದಿಂದ ಎದ್ದ ಮರಕ್ಕೆ ತಾಯಿಬೇರಿಲ್ಲ. ಬೇಲಿಗೆ ಅಡ್ಡಿಯಿಲ್ಲ, ಆದರೆ ಗಾಳಿ ಹೊಡೆಯುವ ದಿಬ್ಬದಲ್ಲಿ ಕಾಳುಮೆಣಸು ಹಬ್ಬಿಸುವುದಾದರೆ ಬೀಜದ ಸಸಿಯೇ ಮೇಲು. ಬೀಜವನ್ನು ಒಂದು ರಾತ್ರಿ ನೆನೆಹಾಕಿದರೆ ಸಾಕು.

ಮೊದಲ ವರ್ಷ ಸೊಪ್ಪು ಕಡಿಯಬೇಡಿ. ನಂತರ ಬುಡದಿಂದ ಮೂರಡಿ ಬಿಟ್ಟು ವರ್ಷಕ್ಕೆ ಎರಡು ಮೂರು ಸಲ ಕಡಿಯಬಹುದು. ಅಡಿಕೆಗೆ ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 12 ಕೆಜಿ ಹಸಿರು ಸೊಪ್ಪು, ಜೊತೆಗೆ 12 ಕೆಜಿ ಕೊಟ್ಟಿಗೆ ಗೊಬ್ಬರ. ಅಷ್ಟು ಗ್ಲಿರಿಸಿಡಿಯಾದಲ್ಲಿ ಸುಮಾರು 80 ಗ್ರಾಂ ಸಾರಜನಕ ಇರುತ್ತದೆ. ಶಿಫಾರಸಾದ 140 ಗ್ರಾಂ ಪೊಟ್ಯಾಷ್ ಮಾತ್ರ ಇದರಿಂದ ತುಂಬುವುದಿಲ್ಲ, ಅದನ್ನು ಬೇರೆಯಾಗಿಯೇ ಕೊಡಬೇಕು. ಈ ಎಲೆ ಬೇಗ ಕರಗಿಹೋಗುವುದರಿಂದ ಮುಚ್ಚಿಗೆಗೆ ಬೆಟ್ಟದ ಸೊಪ್ಪು, ದರಗು ಬೇಕೇ ಬೇಕು.

ದನಕ್ಕೆ ಕೊಡಬಹುದು. ವಾಸನೆಗೆ ಮೊದಮೊದಲು ಮೂಗು ಮುರಿಯುತ್ತವೆ. ಒಂದು ದಿನ ಬಾಡಿಸಿ, ಹುಲ್ಲಿನೊಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಒಟ್ಟು ಮೇವಿನ ಮೂರನೇ ಒಂದು ಭಾಗ ದಾಟದಿರಲಿ. ರಾಶಿ ಹಾಕಿ ಬೂಷ್ಟು ಹಿಡಿದ ಸೊಪ್ಪನ್ನು ಮಾತ್ರ ಖಂಡಿತ ಹಾಕಬೇಡಿ: ಅದರಲ್ಲಿನ ಕೂಮರಿನ್ ಎಂಬ ಅಂಶ ಆಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗುತ್ತದೆ. ಮಧ್ಯ ಅಮೆರಿಕದ ಈ ಮರಕ್ಕೆ ಅಲ್ಲಿನವರು ಇಟ್ಟ ಹೆಸರೇ ‘ಇಲಿ ಕೊಲ್ಲುವ ಮರ’.