ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪು: ಮದರ್‌ಬೋರ್ಡ್ ಹೋಗಿದೆಯಾ?

ನೀವು ಹೇಳಿದ್ದು ಇಷ್ಟು: ಏಳೆಂಟು ವರ್ಷದ ಡೆಸ್ಕ್‌ಟಾಪ್. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ನಾಲ್ಕೈದು ಸೆಕೆಂಡಿಗೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ಅಂಗಡಿಯವರು ಫೋನಿನಲ್ಲೇ ಮದರ್‌ಬೋರ್ಡ್ (ಒಳಗಿನ ಎಲ್ಲ ಭಾಗಗಳೂ ಸೇರುವ ಮುಖ್ಯ ಬೋರ್ಡು) ಹೋಗಿದೆ ಎಂದುಬಿಟ್ಟರು. ಹೌದಾ ಎಂದು ಕೇಳಿದ್ದೀರಿ.

ಇರಬಹುದು. ಆದರೆ ದುಡ್ಡು ಬಿಚ್ಚುವ ಮೊದಲು ಮನೆಯಲ್ಲಿ ಒಂದು ರಬ್ಬರ್ ಹುಡುಕಿ. ಮಕ್ಕಳು ಪೆನ್ಸಿಲ್ ಅಳಿಸುತ್ತಾರಲ್ಲ, ಅದೇ.

ಹೀಗೆ ಆನ್-ಆಫ್ ಆಗುತ್ತಿದ್ದರೆ ನನಗೆ ಮೊದಲು ಅನುಮಾನ ಬರುವುದು ಕಂಪ್ಯೂಟರ್ ಕೆಲಸ ಮಾಡುವಾಗ ಬೇಕಾದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಪಟ್ಟಿ, ಅಂದರೆ ರ‍್ಯಾಮ್ ಮೇಲೆ. ಕರೆಂಟ್ ಬಂದ ಕೂಡಲೇ ಬೋರ್ಡು ರ‍್ಯಾಮನ್ನು ಮಾತಾಡಿಸುತ್ತದೆ. ಉತ್ತರ ಬರದಿದ್ದರೆ ಕೆಲವು ಬೋರ್ಡುಗಳು ಬೀಪ್ ಎಂದು ಕೂಗುತ್ತವೆ, ಕೆಲವು ಆಫ್ ಆಗಿ ಮತ್ತೆ ಮೊದಲಿಂದ ಶುರು ಮಾಡುತ್ತವೆ. ಮಾನಿಟರ್‌ಗೆ ಚಿತ್ರ ಬರುವುದು ಇದೆಲ್ಲ ಆದಮೇಲೆ. ಅಂದರೆ ವಿಂಡೋಸ್ ಸರದಿ ಇನ್ನೂ ಬಂದೇ ಇಲ್ಲ. ಯಾರಾದರೂ ‘ಫಾರ್ಮ್ಯಾಟ್ ಮಾಡಿಸಿ’ ಎಂದರೆ ಖಂಡಿತ ಕೇಳಬೇಡಿ, ಸುಮ್ನೆ ಫೋಟೋಗಳು ಹೋಗುತ್ತವೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಜುಲೈನಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಇನ್ನು ಕಂಪ್ಯೂಟರ್ ಪಾಡು ಕೇಳಬೇಕಾ? ಒಂದು ಮಳೆಗಾಲ ನಮ್ಮದೂ ನಿಮ್ಮದರ ಹಾಗೇ ಹಟ ಹಿಡಿಯಿತು. ಬಿಚ್ಚಿ ನೋಡಿದರೆ ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಅಂಚಿನ ಮೇಲೆ ತೆಳ್ಳಗೆ ಕಂದು ಮಬ್ಬು. ರಬ್ಬರಿನಲ್ಲಿ ಉಜ್ಜಿದಾಗ ರಬ್ಬರಿನ ತುದಿ ಬೂದು ಬಣ್ಣಕ್ಕೆ ತಿರುಗಿತು. ಮತ್ತೆ ಹಾಕಿದೆ, ಆನ್ ಆಯಿತು. ಖರ್ಚು ಸೊನ್ನೆ.

ಮಾಡುವ ಕ್ರಮ ಹೇಳುತ್ತೇನೆ. ಪ್ಲಗ್ ಪೂರ್ತಿ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯಲಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ರ‍್ಯಾಮಿನ ಎರಡೂ ತುದಿಯ ಕ್ಲಿಪ್ ಹಿಂದಕ್ಕೆ ತಳ್ಳಿದರೆ ಪಟ್ಟಿ ಮೇಲೆ ಏಳುತ್ತದೆ (ಕೆಲವು ಬೋರ್ಡಿನಲ್ಲಿ ಕ್ಲಿಪ್ ಒಂದೇ ಕಡೆ). ಅಂಚಿನ ಎರಡೂ ಬದಿ ಮೆಲ್ಲಗೆ ಉಜ್ಜಿ. ಮರಳು ಕಾಗದ, ನೀರು, ಬಾಯಿಂದ ಊದುವುದು ಯಾವುದೂ ಬೇಡ. ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಸ್ಲಾಟಿನೊಳಗೆ ಬೀಳಬಾರದು. ಎರಡು ಪಟ್ಟಿ ಇದ್ದರೆ ಈಗ ಒಂದನ್ನೇ ಹಾಕಿ. ‘ಟಕ್’ ಎಂದು ಕ್ಲಿಪ್ ತಾನೇ ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಸರಿಯಾಗಿ ಕೂತಿಲ್ಲ. ಪ್ಲಗ್ ಹಾಕಿ ಆನ್ ಮಾಡಿ ನೋಡಿ. ಚಿತ್ರ ಬರಲಿಲ್ಲವಾ? ಸ್ಲಾಟ್ ಬದಲಿಸಿ, ಪಟ್ಟಿ ಬದಲಿಸಿ, ಎಲ್ಲ ಜೋಡಿಯನ್ನೂ ನೋಡಿ. ಆಚೀಚೆ ಮಾಡುವಾಗಲೆಲ್ಲ ಪ್ಲಗ್ ಕೀಳಲೇಬೇಕು.

ಅದಕ್ಕೂ ಬಗ್ಗದಿದ್ದರೆ ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಪ್ಲಗ್ ಕಿತ್ತಿರುವಾಗಲೇ ಅದನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನದೇ ಪ್ರೋಗ್ರಾಮ್) ಸೆಟ್ಟಿಂಗ್ ಕಂಪನಿಯಿಂದ ಬಂದಾಗ ಇದ್ದ ಹಾಗೆ ಆಗುತ್ತದೆ. ಇತ್ತೀಚೆಗೆ ತಾರೀಖು ತಾನಾಗೇ ಹಿಂದಕ್ಕೆ ಹೋಗುತ್ತಿತ್ತು ಅಂತಾದರೆ ಹೊಸದನ್ನೇ ಹಾಕಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಆಮೇಲೆ ಕಳೆಯುತ್ತಾ ಹೋಗಿ. ಹಾರ್ಡ್ ಡಿಸ್ಕ್, ಡಿವಿಡಿ, ಪೆನ್ ಡ್ರೈವ್, ಪ್ರಿಂಟರ್ ಎಲ್ಲದರ ಕೇಬಲ್ ಬಿಡಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದು, ಬೋರ್ಡಿನಲ್ಲೂ ಡಿಸ್‌ಪ್ಲೇ ಬರುವಂತಿದ್ದರೆ ಕಾರ್ಡ್ ತೆಗೆದು ಕೇಬಲ್ ಬೋರ್ಡಿಗೆ ಚುಚ್ಚಿ. ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್ ಇಷ್ಟರಲ್ಲೇ ಚಿತ್ರ ಬಂದರೆ ತೆಗೆದವುಗಳಲ್ಲಿ ಒಂದು ಕಳ್ಳ. ಒಂದೊಂದಾಗಿ ಹಾಕುತ್ತಾ ಬನ್ನಿ.

ಒಂದು ಎಚ್ಚರಿಕೆ, ನಾನೇ ಬಿದ್ದ ಗುಂಡಿ ಇದು. ಪ್ರೊಸೆಸರ್ ಹತ್ತಿರ ನಾಲ್ಕು ಅಥವಾ ಎಂಟು ಪಿನ್ನಿನ ಚಿಕ್ಕ ಪವರ್ ಕೇಬಲ್ ಇರುತ್ತದೆ. ಒಮ್ಮೆ ಧೂಳು ಹೊಡೆದವನು ಅದನ್ನು ಹಾಕಲು ಮರೆತು, ಒಂದಿಡೀ ಭಾನುವಾರ ಬೋರ್ಡನ್ನು ಬೈದುಕೊಂಡು ಕೂತಿದ್ದೆ. ಅದಿಲ್ಲದಿದ್ದರೂ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತದೆ, ಅದೇ ಮೋಸ.

ಇಷ್ಟಾದರೂ ಕಪ್ಪು ಎಂದರೆ ಮುಖ್ಯವಾಗಿ ಉಳಿದಿದ್ದು ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಡಬ್ಬಿ) ಮತ್ತು ಬೋರ್ಡು. ಅಕ್ಕಪಕ್ಕದವರ ಎಸ್‌ಎಂಪಿಎಸ್ ಅರ್ಧ ಗಂಟೆ ಎರವಲು ಸಿಕ್ಕರೆ ಹಾಕಿ ನೋಡಿ. ನಿಮ್ಮದನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತಮೇಲೂ ಅದರೊಳಗಿನ ಕೆಪಾಸಿಟರ್ ಜೋರಾಗಿ ಹೊಡೆಯಬಹುದು. ಬೋರ್ಡಿನ ಮೇಲೆ ಸಣ್ಣ ಡ್ರಮ್ಮಿನಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಎಂದೂ ನೋಡಿ. ಉಬ್ಬಿದ್ದರೆ ಅಂಗಡಿಯವರು ಹೇಳಿದ್ದು ನಿಜವೇ ಇರಬಹುದು. ಆಗಲೂ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಮನೆಯಲ್ಲೇ ಇಟ್ಟು, ಉಳಿದದ್ದನ್ನು ಅಂಗಡಿಗೆ ಒಯ್ಯಿರಿ.